ಹಳೇ ಐಪಾಡ್‌ಗೆ ಯಾವ ಸ್ಪೀಕರ್ ಡಾಕ್? ಮುಂಬೈ ಮನೆಗಳಿಗೆ ಒಂದು ಹೋಲಿಕೆ

ಐಪಾಡ್ ಇನ್ನೂ ಚೆನ್ನಾಗಿಯೇ ಓಡುತ್ತಿದೆ. ಒಳಗೆ ತಾಳಮದ್ದಳೆ, ದಾಸರ ಪದ, ಹಳೇ ಸಿನಿಮಾ ಹಾಡು ಎಲ್ಲ ತುಂಬಿದೆ. ಇಯರ್‌ಫೋನ್ ಹಾಕಿಕೊಂಡು ಒಬ್ಬರೇ ಎಷ್ಟಂತ ಕೇಳೋದು? ಮನೆಯವರೆಲ್ಲ ಕೇಳುವ ಹಾಗೆ ಒಂದು ಚಿಕ್ಕ ಡಾಕ್ ಹೇಳಿ. ಮುಂಬೈ, ಪುಣೆ ಕಡೆಯ ಕನ್ನಡದವರು ಆಗಾಗ ಹೀಗೆ ಕೇಳುತ್ತಾರೆ. ಕೇಳುವ ಹೊತ್ತಿಗೆ ಅವರ ಮನಸ್ಸು ಮೂರು ನಾಲ್ಕು ಕಡೆ ಎಳೆದಾಡುತ್ತಿರುತ್ತದೆ. ಚೋರ್ ಬಜಾರಿನಲ್ಲಿ ಕಂಡ ದೊಡ್ಡ ಹೆಸರಿನ ಹಳೇ ಡಾಕ್ ಒಂದು. ಆನ್‌ಲೈನಿನಲ್ಲಿ ಕಣ್ಣಿಗೆ ಬಿದ್ದ ಹೊಸ ಬ್ಲೂಟೂತ್ ಸ್ಪೀಕರ್ ಇನ್ನೊಂದು. ಕಂಪ್ಯೂಟರಿಗೆ ಹಾಕುವ ಜೋಡಿ ಸ್ಪೀಕರ್ ಸಾಕು ಅನ್ನುವ ಮಗನ ಮಾತು ಮತ್ತೊಂದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಡಾಕ್ ಅಂದರೆ ಒಂದೇ ಡಬ್ಬಿಯಲ್ಲಿ ಎರಡು ವಸ್ತು. ಒಂದು ಸ್ಪೀಕರ್, ಇನ್ನೊಂದು ಪ್ಲೇಯರ್ ಕೂರಿಸುವ ಪಿನ್. ಸ್ಪೀಕರಿಗೆ ಆಯುಸ್ಸು ಜಾಸ್ತಿ, ಪಿನ್ನಿಗೆ ಕಡಿಮೆ. ಕಂಪನಿ ಪಿನ್ ಬದಲಾಯಿಸಿದ ದಿನ ಚೆನ್ನಾಗಿರುವ ಸ್ಪೀಕರೂ ಮೂಲೆ ಸೇರುತ್ತದೆ. ಹಾಗಾಗಿ ಬೆನ್ನಿನಲ್ಲಿ ಆಕ್ಸ್ ಜ್ಯಾಕ್, ಅಂದರೆ ಹೊರಗಿನ ಪ್ಲೇಯರಿನ ವೈರ್ ಸಿಕ್ಕಿಸುವ 3.5 ಎಂಎಂ ತೂತು, ಇಲ್ಲದ ಡಾಕ್ ಎಷ್ಟು ಅಗ್ಗಕ್ಕೆ ಸಿಕ್ಕರೂ ನನಗೆ ಬೇಡ. ಆಕ್ಸ್ ಇದ್ದರೆ ಯಾವ ಪ್ಲೇಯರ್ ಬೇಕಾದರೂ ಒಂದು ವೈರಿನಿಂದ ಸೇರಿಸಬಹುದು.

ಇದೊಂದು ನನ್ನ ಹಟ. ಉಳಿದದ್ದು ನಿಮ್ಮ ಪ್ಲೇಯರ್, ನಿಮ್ಮ ಮನೆ, ನೀವು ಕೇಳುವುದು ಏನು ಅನ್ನುವುದರ ಮೇಲೆ ನಿಂತಿದೆ.

ಮೊದಲು ಪ್ಲೇಯರ್ ತಿರುಗಿಸಿ ನೋಡಿ

ಕೆಳಗೆ ಅಗಲವಾದ ಚಪ್ಪಟೆ ಪೋರ್ಟ್ ಇದ್ದರೆ ಅದು 30 ಪಿನ್ನಿನದು. 2003ರಲ್ಲಿ ಮೂರನೇ ತಲೆಮಾರಿನ ಐಪಾಡ್ ಜೊತೆ ಬಂತು. 2012ರ ಸೆಪ್ಟೆಂಬರಿನಲ್ಲಿ ಆಪಲ್ ಇದನ್ನು ಬಿಟ್ಟು ಚಿಕ್ಕ ಲೈಟ್ನಿಂಗ್ ಪೋರ್ಟಿಗೆ ಹೋಯಿತು. ಐಫೋನ್ 5, ಏಳನೇ ತಲೆಮಾರಿನ ಐಪಾಡ್ ನ್ಯಾನೋ, ಐದನೇ ತಲೆಮಾರಿನ ಐಪಾಡ್ ಟಚ್ ಎಲ್ಲ ಹೊಸ ಪೋರ್ಟಿನವು. ಐಪಾಡ್ ಕ್ಲಾಸಿಕ್ ಮಾತ್ರ 2014ರಲ್ಲಿ ನಿಲ್ಲುವ ತನಕ ಹಳೇ ಪಿನ್ನಿನಲ್ಲೇ ಉಳಿಯಿತು. ಐಪಾಡ್ ಶಫಲ್‌ಗೆ ಈ ಪಿನ್ನೇ ಇಲ್ಲ, ಇಯರ್‌ಫೋನ್ ಜ್ಯಾಕ್ ಒಂದೇ ಗತಿ. ಸೋನಿ ವಾಕ್‌ಮನ್ ಆದರೆ ಹಳೆಯವಕ್ಕೆ ಸೋನಿಯದೇ ಪೋರ್ಟ್, ಹೊಸವಕ್ಕೆ ಯುಎಸ್‌ಬಿ ಸಿ. ಫಿಯೋದಂಥ ಹೊಸ ಪ್ಲೇಯರ್‌ಗಳಿಗೆ ಡಾಕ್ ಹುಡುಕುತ್ತಾ ಕೂರಬೇಡಿ. ಅವಕ್ಕೆ ಆಕ್ಸ್ ಅಥವಾ ಬ್ಲೂಟೂತ್ ಸಾಕು.

ಬ್ಲೂಟೂತ್ ವಿಷಯದಲ್ಲೇ ಜಾಸ್ತಿ ಜನ ಎಡವುವುದು. ಐಪಾಡ್ ಕ್ಲಾಸಿಕ್‌ನಲ್ಲಿ ಬ್ಲೂಟೂತ್ ಇಲ್ಲವೇ ಇಲ್ಲ. ನ್ಯಾನೋದಲ್ಲಿ ಏಳನೇ ತಲೆಮಾರಿನದಕ್ಕೆ ಮಾತ್ರ ಇದೆ. ಟಚ್ ಇದ್ದವರಿಗೆ ಚಿಂತೆ ಇಲ್ಲ, ಎರಡನೇ ತಲೆಮಾರಿನಿಂದಲೇ ಇದೆ. ಕ್ಲಾಸಿಕ್ ಇಟ್ಟುಕೊಂಡು ಆಕ್ಸ್ ಇಲ್ಲದ ಬ್ಲೂಟೂತ್ ಸ್ಪೀಕರ್ ತಂದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾ ಕೂರಬೇಕು, ಅಷ್ಟೇ.

30 ಪಿನ್ನಿನ ಒಂದು ಒಳ್ಳೆಯ ಗುಣ ಹೇಳಲೇಬೇಕು. ಆ ಪಿನ್ನಿನಿಂದ ಬರುವುದು ಲೈನ್ ಔಟ್. ಅಂದರೆ ಪ್ಲೇಯರಿನ ವಾಲ್ಯೂಮ್ ದಾಟಿಕೊಂಡು ಬಂದ ದನಿಯಲ್ಲ, ಅದಕ್ಕೂ ಮೊದಲಿನದು. ವಾಲ್ಯೂಮ್ ಕೆಲಸ ಪೂರ್ತಿ ಡಾಕಿನದು. ಇಯರ್‌ಫೋನ್ ಜ್ಯಾಕಿನಿಂದ ತೆಗೆದರೆ ದನಿ ಎರಡು ಸಲ ಆಂಪ್ಲಿಫೈಯರ್ ಹಾದು ಬರುತ್ತದೆ. ಹಾಗೆ ತೆಗೆಯಬೇಕಾಗಿ ಬಂದರೆ ಪ್ಲೇಯರಿನ ವಾಲ್ಯೂಮ್ ಮುಕ್ಕಾಲರ ಮೇಲೆ ಇಟ್ಟು, ಉಳಿದದ್ದನ್ನು ಸ್ಪೀಕರಿನಲ್ಲಿ ಹೊಂದಿಸಿ. ಪ್ಲೇಯರ್ ತೀರಾ ಕಡಿಮೆ ಇಟ್ಟು ಸ್ಪೀಕರ್ ಪೂರ್ತಿ ತಿರುಗಿಸಿದರೆ ಹಿಂದೆ 'ಸ್ಸ್' ಅನ್ನುವ ಸದ್ದೇ ಜಾಸ್ತಿ.

30 ಪಿನ್ನಿನಿಂದ ನೇರ 3.5 ಎಂಎಂ ಜ್ಯಾಕಿಗೆ ಬರುವ ಲೈನ್ ಔಟ್ ಕೇಬಲ್ ಅಂತ ಒಂದು ಸಿಗುತ್ತದೆ. ಡಾಕ್ ಇಲ್ಲದೆಯೇ ಡಾಕಿನ ಗುಣಮಟ್ಟದ ದನಿ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎಲ್ಲಿ ಇಡುತ್ತೀರಿ

ಮುಂಬೈಯ ಒಂದು ಕೋಣೆಯ ಮನೆಯಲ್ಲಿ ಸ್ಪೀಕರ್ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಲ್ಲಿ ಕೂರುತ್ತದೆ ಅನ್ನುವುದು ಮುಖ್ಯ. ಫ್ರಿಜ್ ಮೇಲೋ, ಟಿವಿ ಪಕ್ಕದಲ್ಲೋ, ಅಡುಗೆ ಕಟ್ಟೆಯ ತುದಿಯಲ್ಲೋ?

ಗೋಡೆಗೆ ಹತ್ತಿರ ಇಟ್ಟಷ್ಟೂ ಬಾಸ್ ಏರುತ್ತದೆ. ಎರಡು ಗೋಡೆ ಸೇರುವ ಮೂಲೆಯಲ್ಲಿ ಇನ್ನೂ ಜಾಸ್ತಿ. ಚಿಕ್ಕ ಡಾಕಿಗೆ ಇದು ಪುಕ್ಕಟೆ ಸಹಾಯ. ಆದರೆ ಮೊದಲೇ ಬಾಸ್ ಜಾಸ್ತಿ ಇರುವ ಡಾಕನ್ನು ಮೂಲೆಗೆ ತಳ್ಳಿದರೆ ಮಾತು ಮುಳುಗುತ್ತದೆ. ಸ್ಟೀಲ್ ಕಪಾಟಿನ ಮೇಲೆ ಇಟ್ಟರೆ ಕಪಾಟೇ ಹಾಡಲು ಶುರು ಮಾಡುತ್ತದೆ, ಅಡಿಗೆ ಒಂದು ರಬ್ಬರ್ ತುಂಡು ಹಾಕಿ.

ಸ್ಟೀರಿಯೋ ಆಸೆ ಇದ್ದರೆ ಒಂದು ಮಾತು. ಒಂದೇ ಡಬ್ಬಿಯಲ್ಲಿ ಎಡ ಬಲ ಸ್ಪೀಕರ್ ಒಂದು ಗೇಣು ದೂರದಲ್ಲಿದ್ದರೆ, ಆರು ಅಡಿ ಆಚೆ ಕೂತವರಿಗೆ ಎಡ ಯಾವುದು ಬಲ ಯಾವುದು ಗೊತ್ತಾಗುವುದಿಲ್ಲ. ಡಬ್ಬಿಯ ಮೇಲೆ ಸ್ಟೀರಿಯೋ ಅಂತ ಬರೆದಿದ್ದರೂ ಅಷ್ಟೇ. ಅದು ಬೇಕೇಬೇಕು ಅಂದರೆ ಜೋಡಿ ಸ್ಪೀಕರಿಗೇ ಹೋಗಬೇಕು.

ವ್ಯಾಟ್ ನೋಡಿ ಮರುಳಾಗಬೇಡಿ. ವ್ಯಾಟ್ ಎರಡರಷ್ಟಾದರೆ ದನಿ ಏರುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಸ್ವಲ್ಪ ಜಾಸ್ತಿ ಆಯಿತು ಅನ್ನಿಸುವಷ್ಟು. ಅಗ್ಗದ ಡಬ್ಬಿಗಳ ಮೇಲೆ ಸಾವಿರಗಟ್ಟಲೆ ವ್ಯಾಟ್ ಪಿಎಂಪಿಒ ಅಂತ ಹಾಕಿರುತ್ತಾರೆ. ಅದಕ್ಕೆ ಅರ್ಥವೇ ಇಲ್ಲ. ಆರ್‌ಎಂಎಸ್, ಅಂದರೆ ಎಡೆಬಿಡದೆ ಕೊಡಬಲ್ಲ ವ್ಯಾಟ್, ಎಷ್ಟು ಅಂತ ಕೇಳಿ. ಹತ್ತು ಹನ್ನೆರಡು ಅಡಿಯ ಕೋಣೆಗೆ 10 ವ್ಯಾಟ್ ಆರ್‌ಎಂಎಸ್ ಧಾರಾಳ. ಇನ್ನು ಪಕ್ಕದ ಮನೆಯವರ ಗೋಡೆ ನಮ್ಮ ಗೋಡೆಯೇ ಅಲ್ವಾ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಜೋರು ಸದ್ದಿಗೆ ಕಾನೂನಿನ ತಡೆಯೂ ಇದೆ, ಸೊಸೈಟಿ ಸೆಕ್ರೆಟರಿಯ ತಡೆಯೂ ಇದೆ.

ಏನು ಕೇಳುತ್ತೀರಿ

ಡಾಕ್ ಕೊಳ್ಳುವಾಗ ಇದನ್ನು ಯೋಚಿಸುವವರು ಕಡಿಮೆ. ಅಂಗಡಿಯವನು ಕೇಳಿಸುವುದು ಬಾಸ್ ಗುದ್ದುವ ಹಿಂದಿ ಹಾಡು. ಅಷ್ಟು ಚಿಕ್ಕ ಡಬ್ಬಿಯಿಂದ ಅಷ್ಟು ದೊಡ್ಡ ಗುದ್ದು ಬಂದರೆ ಯಾರಿಗಾದರೂ ಖುಷಿ. ಅದೇ ಡಬ್ಬಿಯಲ್ಲಿ ಮನೆಗೆ ಬಂದು ತಾಳಮದ್ದಳೆ ಹಾಕಿದರೆ, ಮಳೆ ಹೊಡೆಯುವಾಗ ದಾದರ್ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಕೇಳಿದ ಹಾಗೆ ಇರುತ್ತದೆ. ದನಿ ಇದೆ, ಮಾತಿಲ್ಲ.

ತಾಳಮದ್ದಳೆ ಅಂದರೆ ಗಂಟೆಗಟ್ಟಲೆ ಮಾತು. ಅರ್ಥಧಾರಿಯ ಕೊಂಕು, ಎದುರು ಅರ್ಥಧಾರಿಯ ಉತ್ತರ, ಒಂದು ಅಕ್ಷರ ತಪ್ಪಿದರೂ ರಸ ಹೋಯಿತು. ಮಾತಿನ ಸ್ಪಷ್ಟತೆ ಇರುವುದು ವ್ಯಂಜನಗಳಲ್ಲಿ. ಆ ಸದ್ದುಗಳು ಜಾಸ್ತಿ ಇರುವುದು 2ರಿಂದ 4 ಕಿಲೋಹರ್ಟ್ಸ್ ಆಸುಪಾಸಿನಲ್ಲಿ. ತಲೆ ಮೇಲೆ ಫ್ಯಾನ್ ತಿರುಗುತ್ತಿರುವಾಗ, ಕಿಟಕಿ ಆಚೆ ಲೋಕಲ್ ಹೋಗುತ್ತಿರುವಾಗ, ಮಾತು ಕೇಳಬೇಕಾದರೆ ಸ್ಪೀಕರ್ ಆ ಮಧ್ಯದ ಭಾಗವನ್ನು ಸ್ವಚ್ಛವಾಗಿ ಕೊಡಬೇಕು. ಬಾಸ್ ಬೂಸ್ಟ್ ಬಟನ್ ಇದ್ದರೆ ಅದನ್ನು ಆಫ್ ಮಾಡಲು ಬರಬೇಕು. ಕೆಲವು ಹೊಸ ಸ್ಪೀಕರ್‌ಗಳಲ್ಲಿ ಬಾಸ್ ಯಾವಾಗಲೂ ಆನ್, ನಮ್ಮ ಮಾತು ಕೇಳುವುದಿಲ್ಲ. ಐಪಾಡ್ ಸೆಟ್ಟಿಂಗ್ಸ್‌ನಲ್ಲಿ ದನಿಯ ಹದ ಬದಲಾಯಿಸುವ ಈಕ್ಯೂ ಪಟ್ಟಿಯಲ್ಲಿ ಸ್ಪೋಕನ್ ವರ್ಡ್ ಅಂತ ಒಂದಿದೆ. ತಾಳಮದ್ದಳೆಗೆ ಅದನ್ನು ಒಮ್ಮೆ ಹಾಕಿ ನೋಡಿ.

ಯಕ್ಷಗಾನದ ಪರೀಕ್ಷೆ ಬೇರೆ. ಅಲ್ಲಿ ಚೆಂಡೆ ಇದೆ. ಭಾಗವತರ ಏರು ದನಿಯ ಮೇಲೆ ಚೆಂಡೆಯ ಪೆಟ್ಟು ಬಿದ್ದಾಗ ಸ್ಪೀಕರಿನ ಬಣ್ಣ ಬಯಲಾಗುತ್ತದೆ. ಪೆಟ್ಟು ಕ್ಷಣ ಮಾತ್ರದ್ದು, ಆದರೆ ಆ ಕ್ಷಣಕ್ಕೆ ಆಂಪ್ಲಿಫೈಯರ್ ಹತ್ತಾರು ಪಟ್ಟು ಶಕ್ತಿ ಕೊಡಬೇಕು. ಇಲ್ಲದ ಶಕ್ತಿ ಎಲ್ಲಿಂದ ಕೊಡುತ್ತದೆ? 'ಚರ್' ಅಂತ ಹರಿದ ಸದ್ದು ಬರುತ್ತದೆ. ಕ್ಲಾಸಿಕ್‌ನಲ್ಲಿ ಯುದ್ಧದ ಪದ ಇರುವ ಒಂದು ರೆಕಾರ್ಡಿಂಗ್ ಹಾಕಿಕೊಂಡು ಅಂಗಡಿಗೆ ಹೋಗಿ. ಮುಕ್ಕಾಲು ವಾಲ್ಯೂಮಿನಲ್ಲಿ ಚೆಂಡೆ ಬಿಡಿಬಿಡಿಯಾಗಿ ಕೇಳಿದರೆ ಆ ಸ್ಪೀಕರ್ ಪಾಸು.

ಮತ್ತೊಂದು ಸಂಗತಿ. ನಮ್ಮ ಹಳೇ ರೆಕಾರ್ಡಿಂಗ್ ಎಷ್ಟೋ ಕ್ಯಾಸೆಟ್ಟಿನಿಂದ ಇಳಿಸಿದವು. ಅದರಲ್ಲಿ ಟೇಪಿನ 'ಸ್ಸ್' ಇದ್ದೇ ಇರುತ್ತದೆ. ಟ್ರೆಬಲ್ ಮೆರೆಸುವ ಸ್ಪೀಕರ್ ಅದನ್ನೇ ಎತ್ತಿ ಕೊಡುತ್ತದೆ. ಅಂಥ ಸಂಗ್ರಹಕ್ಕೆ ಸ್ವಲ್ಪ ಮೃದುವಾದ, ಹಳೇ ಕಾಲದ ಡಾಕೇ ವಾಸಿ.

ದಾಸರ ಪದ, ಹಿಂದೂಸ್ತಾನಿ ಕೇಳುವವರಿಗೆ ತಂಬೂರಿಯ ಚಿಂತೆ. ಪುಣೆಯಲ್ಲೇ ನೆಲೆಸಿದ್ದ ಗದಗ ಸೀಮೆಯ ಭೀಮಸೇನ ಜೋಶಿಯವರ ದಾಸವಾಣಿ ಹಾಕಿ ನೋಡಿ. ಎರಡು ಇಂಚಿನ ಸ್ಪೀಕರಿಗೆ ಖರ್ಜದ ತಂತಿ ಪೂರ್ತಿ ಕೊಡಲು ಆಗುವುದಿಲ್ಲ. ಆದರೆ ಮೇಲಿನ ಸ್ವರಾಂಶಗಳು ಸರಿಯಾಗಿ ಬಂದರೆ ಕೆಳಗಿನದನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಅದಕ್ಕೇ ಚಿಕ್ಕ ಸ್ಪೀಕರಿನಲ್ಲೂ ತಂಬೂರಿ ತಂಬೂರಿಯಾಗಿಯೇ ಕೇಳುವುದು. ಬರೀ ಸಿನಿಮಾ ಹಾಡು ಕೇಳುವವರಿಗೆ ಇಷ್ಟು ತಲೆಬಿಸಿ ಬೇಡ, ಸ್ವಲ್ಪ ಬಾಸ್ ಇದ್ದರೆ ಚೆಂದ.

ಹಳೇ ಡಾಕ್, ಸೆಕೆಂಡ್ ಹ್ಯಾಂಡ್

ಈಗ ಆಯ್ಕೆಗಳಿಗೆ ಬರೋಣ. 2022ರ ಮೇ ತಿಂಗಳಲ್ಲಿ ಆಪಲ್ ಐಪಾಡ್ ಟಚ್ ಕೂಡ ನಿಲ್ಲಿಸಿತು. ಡಾಕ್ ಮಾಡುವವರು ಅದಕ್ಕಿಂತ ಮೊದಲೇ ಬೇರೆ ದಾರಿ ಹಿಡಿದಿದ್ದರು. ಹಾಗಾಗಿ ನಿಜವಾದ ಡಾಕ್ ಅಂದರೆ ಈಗ ಹಳೆಯದೇ.

ಇದರ ಲಾಭ ದೊಡ್ಡದು. ಒಂದು ಕಾಲಕ್ಕೆ ದುಬಾರಿಯಾಗಿದ್ದ ಸ್ಪೀಕರ್ ಈಗ ಅದರ ಒಂದು ಪಾಲಿಗೆ ಸಿಗುತ್ತದೆ. ಐಪಾಡ್ ಕೂರಿಸಿದರೆ ಆಯಿತು, ಹಾಡೂ ಬರುತ್ತದೆ, ಚಾರ್ಜೂ ಆಗುತ್ತದೆ. ರಿಮೋಟ್ ಇದ್ದರೆ ಹಾಸಿಗೆಯಿಂದಲೇ ಹಾಡು ದಾಟಿಸಬಹುದು. ಆಕ್ಸ್‌ನಲ್ಲಿ ಆ ಸುಖ ಇಲ್ಲ. ಅಲ್ಲಿ ರಿಮೋಟ್ ವಾಲ್ಯೂಮಿಗೆ ಮಾತ್ರ.

ಬೋಸ್ ಸೌಂಡ್‌ಡಾಕ್ ಎಲ್ಲರ ಬಾಯಲ್ಲಿರುವ ಹೆಸರು. 2004ರಲ್ಲಿ ಬಂದ ಮೊದಲ ಸೌಂಡ್‌ಡಾಕಿಗೆ ಆಕ್ಸ್ ಇಲ್ಲ. ಸೀರೀಸ್ 2ಕ್ಕೆ ಇದೆ, ಬ್ಯಾಟರಿ ಇರುವ ಪೋರ್ಟಬಲ್‌ಗೂ ಇದೆ. ಮಾರುವವನು ಸುಮ್ನೆ 'ಬೋಸ್ ಡಾಕ್' ಅಂತಷ್ಟೇ ಹೇಳುತ್ತಾನೆ, ಹಿಂದೆ ತಿರುಗಿಸಿ ಜ್ಯಾಕ್ ಇದೆಯಾ ನೋಡುವುದು ನಮ್ಮ ಕೆಲಸ. ಬಾಸ್ ಸ್ವಲ್ಪ ಎದ್ದು ಕಾಣುವ ದನಿ ಅದರದು, ಸಿನಿಮಾ ಹಾಡಿಗೆ ಹಬ್ಬ. ತಾಳಮದ್ದಳೆಗೆ ಇಡುವುದಾದರೆ ಗೋಡೆಯಿಂದ ಒಂದು ಮೊಳ ಮುಂದೆ ಇಡಿ. ಜೆಬಿಎಲ್ ಆನ್ ಸ್ಟೇಜ್ ದುಂಡಗಿನ ಚಿಕ್ಕ ಡಾಕ್, ಅಡುಗೆಮನೆಗೆ ಹೊಂದುತ್ತದೆ. ಆಪಲ್‌ನದೇ ಐಪಾಡ್ ಹೈಫೈ ಅಂತ 2006ರಲ್ಲಿ ಬಂದು ಮರುವರ್ಷವೇ ನಿಂತಿತು. ಆರು ದಪ್ಪ ಡಿ ಸೈಜ್ ಸೆಲ್ ಹಾಕಿದರೂ ಓಡುತ್ತದೆ. ಚೆನ್ನಾಗಿದೆ, ಆದರೆ ಚಿಕ್ಕದು ಅನ್ನಲು ಬರುವುದಿಲ್ಲ, ನಮ್ಮ ಶೆಲ್ಫಿನ ಮೇಲೆ ಅದೊಂದೇ ಕೂರುತ್ತದೆ.

ತೊಂದರೆಗಳೂ ಇವೆ. ಮೊದಲನೆಯದು ಚಾರ್ಜಿಂಗ್. ಮೊದಮೊದಲ ಡಾಕ್‌ಗಳು ಫೈರ್‌ವೈರ್ ಅನ್ನುವ ಹಳೇ ಬಗೆಯ ಸಂಪರ್ಕದ ಪಿನ್ನುಗಳಿಂದ 12 ವೋಲ್ಟ್ ಕೊಟ್ಟು ಚಾರ್ಜ್ ಮಾಡುತ್ತಿದ್ದವು. 2008ರಲ್ಲಿ ಬಂದ ಐಫೋನ್ 3ಜಿ, ನಾಲ್ಕನೇ ತಲೆಮಾರಿನ ನ್ಯಾನೋ, ಎರಡನೇ ತಲೆಮಾರಿನ ಟಚ್ ಅದನ್ನು ಒಪ್ಪುವುದಿಲ್ಲ. ಅವಕ್ಕೆ ಯುಎಸ್‌ಬಿಯ 5 ವೋಲ್ಟೇ ಬೇಕು. ಅಂಥ ಡಾಕಿನಲ್ಲಿ ಕೂರಿಸಿದರೆ ಹಾಡು ಬರುತ್ತದೆ, ಬ್ಯಾಟರಿ ಮಾತ್ರ ಇಳಿಯುತ್ತಾ ಹೋಗುತ್ತದೆ. ಡಾಕ್ ಕೆಟ್ಟಿದೆ ಅಂತ ರಿಪೇರಿಗೆ ಒಯ್ಯುವವರಿದ್ದಾರೆ. ಕೆಟ್ಟಿರುವುದಿಲ್ಲ, ಎರಡಕ್ಕೂ ಕಾಲ ಹೊಂದುವುದಿಲ್ಲ ಅಷ್ಟೇ.

ಎರಡನೆಯದು ಅಡಾಪ್ಟರ್. ಅಮೆರಿಕದಿಂದ ಬಂದ ಡಾಕ್ ಆದರೆ ಅಡಾಪ್ಟರ್ ಮೇಲೆ 100–240 ವೋಲ್ಟ್ ಅಂತ ಇದೆಯಾ ಓದಿ. ಬರೀ 120 ಅಂತ ಇದ್ದರೆ ನಮ್ಮ 230ಕ್ಕೆ ಹಾಕಿದ ಕೂಡಲೇ ಹೊಗೆ. ಅಡಾಪ್ಟರ್ ಕಳೆದುಹೋದ ಡಾಕ್ ಅಗ್ಗಕ್ಕೆ ಸಿಗುತ್ತದೆ. ಮಾಮೂಲಿ ದುಂಡು ಪಿನ್ನಿನದಾದರೆ ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡಿನಲ್ಲಿ, ಪುಣೆಯವರಾದರೆ ತಪ್ಕೀರ್ ಗಲ್ಲಿಯಲ್ಲಿ ಹುಡುಕಬಹುದು. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬೇಕು, ನಡುಪಿನ್ ಪ್ಲಸ್ಸೋ ಮೈನಸ್ಸೋ ಹೊಂದಬೇಕು. ನಾಲ್ಕೈದು ಕಾಲಿನ ವಿಚಿತ್ರ ಪಿನ್ ಆದರೆ ಅಡಾಪ್ಟರ್ ಇಲ್ಲದೆ ಡಾಕ್ ಕೊಳ್ಳಲೇಬೇಡಿ. ಸ್ವಂತ ಬ್ಯಾಟರಿ ಪ್ಯಾಕ್ ಇರುವ ಹಳೇ ಡಾಕ್‌ಗಳಲ್ಲಿ ಆ ಪ್ಯಾಕ್ ಸತ್ತಿದೆ ಅಂತಲೇ ಲೆಕ್ಕ ಹಾಕಿ ಬೆಲೆ ಮಾತಾಡಿ.

ಮೂರನೆಯದು ನಮ್ಮ ಹವೆ. ಸಮುದ್ರದ ಉಪ್ಪು ಗಾಳಿ, ಜೂನಿನಿಂದ ಸೆಪ್ಟೆಂಬರ್ ತನಕ ತೇವ. ಪಿನ್ನುಗಳ ಮೇಲೆ ಹಸಿರು ಬಣ್ಣ ಕಂಡರೆ ಬಿಟ್ಟುಬಿಡಿ. ಬರೀ ಮಂಕಾಗಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿದರೆ ಸಾಕು. ಸ್ಪೀಕರಿನ ಕಾಗದದ ಸುತ್ತ ಇರುವ ಅಂಚು ಸ್ಪಂಜಿನದಾದರೆ ಈ ಹವೆಯಲ್ಲಿ ಪುಡಿಪುಡಿಯಾಗುತ್ತದೆ, ರಬ್ಬರಿನದಾದರೆ ಬಾಳುತ್ತದೆ. ಜಾಲರಿ ತೆಗೆಯಲು ಬಂದರೆ ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಿ.

ಲೈಟ್ನಿಂಗ್ ಪೋರ್ಟಿನ ಪ್ಲೇಯರನ್ನು 30 ಪಿನ್ ಡಾಕಿಗೆ ಕೂರಿಸಲು ಆಪಲ್‌ನದೇ ಅಡಾಪ್ಟರ್ ಇತ್ತು. ಹಾಡು ಬರುತ್ತದೆ. ಆದರೆ ಪ್ಲೇಯರ್ ಎತ್ತರದಲ್ಲಿ ಓಲಾಡುತ್ತದೆ, ಭಾರವೆಲ್ಲ ಆ ಚಿಕ್ಕ ಪಿನ್ನಿನ ಮೇಲೆ. ಮಕ್ಕಳಿರುವ ಮನೆಗೆ ಬೇಡ. ಅದಕ್ಕಿಂತ ಡಾಕಿನ 30 ಪಿನ್ನಿಗೆ ಸಿಕ್ಕಿಸುವ ಚಿಕ್ಕ ಬ್ಲೂಟೂತ್ ರಿಸೀವರ್ ವಾಸಿ. ಡಾಕಿನಿಂದಲೇ ಕರೆಂಟ್ ತೆಗೆದುಕೊಳ್ಳುತ್ತದೆ, ಟಚ್‌ನಿಂದಲೋ ಫೋನಿನಿಂದಲೋ ಹಾಡು ಕಳಿಸಬಹುದು. ಎಲ್ಲ ಡಾಕ್‌ಗಳೂ ಇದನ್ನು ಒಪ್ಪುವುದಿಲ್ಲ, ವಾಪಸ್ ಕೊಡಲು ಬರುವ ಕಡೆಯಿಂದ ತರಿಸಿ.

ಹೊಸ ಬ್ಲೂಟೂತ್ ಸ್ಪೀಕರ್

ಇಲ್ಲಿ ಒಂದೇ ಬಲೆ, ಆಕ್ಸ್. ಕಂಪನಿಗಳು ಸದ್ದಿಲ್ಲದೆ ಅದನ್ನು ತೆಗೆದುಬಿಟ್ಟಿವೆ. ಜೆಬಿಎಲ್‌ನಲ್ಲೇ ನೋಡಿ. ಫ್ಲಿಪ್ 4ಕ್ಕೆ ಆಕ್ಸ್ ಇತ್ತು, ಫ್ಲಿಪ್ 5ಕ್ಕೆ ಇಲ್ಲ. ಚಾರ್ಜ್ 4ಕ್ಕೆ ಇತ್ತು, ಚಾರ್ಜ್ 5ಕ್ಕೆ ಇಲ್ಲ. ಗೋ 2ಕ್ಕೆ ಇತ್ತು, ಗೋ 3ಕ್ಕೆ ಇಲ್ಲ. ಹೊಸ ಮಾಡೆಲ್ ಅಂದರೆ ಎಲ್ಲದರಲ್ಲೂ ಮುಂದೆ ಅಂತ ತಿಳಿದು ಕ್ಲಾಸಿಕ್ ಇದ್ದವರು ಹೊಸದನ್ನೇ ತಂದುಬಿಡುತ್ತಾರೆ. ನಿಮಗೆ ಹಳೇ ಮಾಡೆಲ್ಲೇ ಬೇಕು.

ಲಾಭ ಬ್ಯಾಟರಿ ಮತ್ತು ನೀರಿನ ರಕ್ಷಣೆ. ಐಪಿಎಕ್ಸ್7 ಅಂತ ಇದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಅಂತ ಅರ್ಥ, ಐಪಿಎಕ್ಸ್4 ಆದರೆ ಎರಚಿದ ನೀರಿಗೆ ಮಾತ್ರ. ಆದರೆ ಆ ಅಂಕಿ ಸಿಹಿ ನೀರಿನದು, ಗೋವಾದ ಸಮುದ್ರದ್ದಲ್ಲ. ಬೀಚಿಗೆ ಒಯ್ದರೆ ಮನೆಗೆ ಬಂದು ನಲ್ಲಿ ನೀರಿನಲ್ಲಿ ತೊಳೆದು ಒಣಗಿಸಿ. ಚಾರ್ಜಿಂಗ್ ಪೋರ್ಟ್ ಒದ್ದೆ ಇರುವಾಗ ವೈರ್ ಹಾಕಬೇಡಿ.

ಗುರುವಾರ ಬಂತೆಂದರೆ ರಿಪೇರಿಗೆ ಅಂತ ಕರೆಂಟ್ ತೆಗೆಯುವ ಪುಣೆಯಲ್ಲಿ, ಮಳೆಗಾಲದ ಗೋವಾದಲ್ಲಿ, ಬ್ಯಾಟರಿ ಇರುವುದು ದೊಡ್ಡ ಅನುಕೂಲ. ಮುಂಬೈಯಲ್ಲಿ ಅಷ್ಟು ಅಗತ್ಯ ಇಲ್ಲ, ಇಲ್ಲಿ ಬ್ಯಾಟರಿಗೆ ಕೊಡುವ ದುಡ್ಡು ದನಿಗೆ ಹೋದರೆ ವಾಸಿ. ಇನ್ನೂ ಒಂದು ಮಾತು, ಈ ಉದ್ದ ಕೊಳವೆಯಂಥ ಸ್ಪೀಕರ್‌ಗಳು ಎಷ್ಟೋ ಒಂದೇ ಬಾಯಿಯವು, ಎರಡಿದ್ದರೂ ತೀರಾ ಹತ್ತಿರ ಹತ್ತಿರ. ಸ್ಟೀರಿಯೋ ಕೇಳಬೇಡಿ.

ಜೋಡಿ ಸ್ಪೀಕರ್

ಸುಮ್ನೆ ದನಿ ಮಾತ್ರ ತೂಗಿದರೆ ದುಡ್ಡಿಗೆ ತಕ್ಕ ಆಯ್ಕೆ ಇದೇ ಅಂತ ನನಗೆ ಅನ್ನಿಸುತ್ತದೆ. ಕ್ರಿಯೇಟಿವ್ ಪೆಬಲ್ ಎರಡು ಚಿಕ್ಕ ಉಂಡೆ. 4.4 ವ್ಯಾಟ್ ಆರ್‌ಎಂಎಸ್, ಕರೆಂಟಿಗೆ ಯುಎಸ್‌ಬಿ, ಹಾಡಿಗೆ 3.5 ಎಂಎಂ ವೈರ್. ಹಳೇ ಫೋನ್ ಚಾರ್ಜರ್ ಒಂದಕ್ಕೆ ಸಿಕ್ಕಿಸಿದರೆ ಓಡುತ್ತದೆ. ಬೆಲೆ ಎರಡು ಸಾವಿರದ ಆಸುಪಾಸು. ಲೈನ್ ಔಟ್ ಕೇಬಲ್ ನೆನಪಿದೆಯಲ್ಲ? ಕ್ಲಾಸಿಕ್ ಜೊತೆ ಅದನ್ನು ಸೇರಿಸಿ, ಎರಡು ಉಂಡೆಗಳನ್ನು ಎರಡು ಮೂರು ಅಡಿ ದೂರ ಇಡಿ. ಮೇಜಿನ ಹತ್ತಿರ ಕೂತು ಕೇಳುವವರಿಗೆ ಅದೇ ಬೆಲೆಯ ಒಂಟಿ ಡಬ್ಬಿಗಿಂತ ಚೆನ್ನಾಗಿ ಕೇಳುತ್ತದೆ. ಭಾಗವತರು ನಡುವೆ, ಚೆಂಡೆ ಒಂದು ಪಕ್ಕ ಅಂತ ಬೇರೆ ಬೇರೆಯಾಗಿ ಗೊತ್ತಾಗುತ್ತದೆ, ರೆಕಾರ್ಡಿಂಗ್ ಸ್ಟೀರಿಯೋ ಆಗಿದ್ದರೆ. ಹಾಲ್ ತುಂಬಾ ಕೇಳಬೇಕು ಅಂದರೆ ಇದು ಸಾಲದು.

ಇದೇ ಜಾತಿಯಲ್ಲಿ ಮೇಲಿನದು ಎಡಿಫೈಯರ್ ಆರ್1280ಟಿ. 42 ವ್ಯಾಟ್ ಆರ್‌ಎಂಎಸ್, ನಾಲ್ಕು ಇಂಚಿನ ಬಾಸ್ ಸ್ಪೀಕರ್. ಬಾಸ್, ಟ್ರೆಬಲ್ ಬೇರೆ ಬೇರೆ ತಿರುಗಿಸಲು ಗುಬಟೆ ಇದೆ. ತಾಳಮದ್ದಳೆಗೆ ಬಾಸ್ ಇಳಿಸಿ, ಸಿನಿಮಾ ಹಾಡಿಗೆ ಏರಿಸಿ. ಹತ್ತು ಸಾವಿರದ ಆಸುಪಾಸು ಎತ್ತಿಡಬೇಕು, ಶೆಲ್ಫಿನಲ್ಲಿ ಜಾಗವೂ ಬೇಕು.

ಈ ಜೋಡಿಗಳ ಕೊರತೆ ವೈರ್. ಐಪಾಡ್ ಚಾರ್ಜ್ ಆಗುವುದಿಲ್ಲ, ಅದಕ್ಕೆ ಬೇರೆ ವೈರ್. ಒಂದೇ ಚಾರ್ಜರಿನಿಂದ ಐಪಾಡಿಗೂ ಸ್ಪೀಕರಿಗೂ ಕರೆಂಟ್ ಕೊಟ್ಟು ಆಕ್ಸ್ ಹಾಕಿದರೆ 'ಹುಂ' ಅಂತ ಗುಂಯ್ಗುಟ್ಟುವುದುಂಟು. ಅರ್ಥಿಂಗ್ ಸರಿ ಇಲ್ಲದ ಹಳೇ ಚಾಳುಗಳಲ್ಲಿ ಇದು ಜಾಸ್ತಿ. ಎರಡಕ್ಕೂ ಬೇರೆ ಚಾರ್ಜರ್ ಹಾಕಿ. ಆಗಲೂ ನಿಲ್ಲದಿದ್ದರೆ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಅನ್ನುವ ಚಿಕ್ಕ ತುಂಡು ಸೇರಿಸಬೇಕು. ಅದೂ ಲ್ಯಾಮಿಂಗ್ಟನ್ ರೋಡಿನಲ್ಲಿ ಕೇಳಿದರೆ ಸಿಗುತ್ತದೆ.

ಹಾಡು ತುಂಬಿಯೇ ಬರುವ ಸಾರೆಗಾಮಾ ಕಾರವಾನ್‌ನಂಥ ಡಬ್ಬಿಯನ್ನೂ ಕೆಲವರು ಇದೇ ಸಾಲಿಗೆ ಸೇರಿಸುತ್ತಾರೆ. ಅದು ಐಪಾಡಿಗೆ ಸ್ಪೀಕರ್ ಅಲ್ಲ, ಐಪಾಡಿನ ಬದಲು. ಚಕ್ರ ತಿರುಗಿಸಿ ಹಾಡು ಹುಡುಕಲು ಬೇಜಾರು ಪಡುವ ಅಜ್ಜಿಗೆ ಒಳ್ಳೆಯದೇ. ನಿಮ್ಮ ತಾಳಮದ್ದಳೆಯನ್ನು ಪೆನ್‌ಡ್ರೈವಿಗೆ ಹಾಕಿ ಸಿಕ್ಕಿಸಿದರೆ ಅದನ್ನೂ ಹಾಡುತ್ತದೆ.

ಯಾರಿಗೆ ಯಾವುದು

ಕ್ಲಾಸಿಕ್ ಇದೆ, ಒಂದೇ ಕೋಣೆ, ಎರಡು ಮೂರು ಸಾವಿರದ ಬಜೆಟ್ಟು ಅಂದರೆ ನಾನು ಪೆಬಲ್ ಮತ್ತು ಲೈನ್ ಔಟ್ ಕೇಬಲ್ ಹೇಳುತ್ತೇನೆ. ಅಷ್ಟೇ ದುಡ್ಡು, ಆದರೆ ವೈರಿನ ಗೋಜಲು ಮನೆಯವರಿಗೆ ಆಗದು ಅಂದರೆ ಆಕ್ಸ್ ಇರುವ ಹಳೇ ಡಾಕ್. ಶುಕ್ರವಾರ ಚೋರ್ ಬಜಾರಿಗೆ ಹೋಗುವುದಾದರೆ ಐಪಾಡ್, ಒಂದು ಆಕ್ಸ್ ವೈರ್ ಎರಡೂ ಕಿಸೆಯಲ್ಲಿರಲಿ. ಪಿನ್ನಿನಲ್ಲಿ ಕೂರಿಸಿ ಹಾಡಿಸಿ, ಚಾರ್ಜಿನ ಗುರುತು ಬರುತ್ತದಾ ನೋಡಿ, ಆಮೇಲೆ ಆಕ್ಸ್‌ನಲ್ಲಿ ಹಾಡಿಸಿ. ಐಪಾಡನ್ನು ಸ್ವಲ್ಪ ಅಲುಗಾಡಿಸಿದಾಗ ಹಾಡು ಕಡಿದು ಕಡಿದು ಬಂದರೆ ಪಿನ್ ಸಡಿಲ ಆಗಿದೆ. ವಾಲ್ಯೂಮ್ ತಿರುಗಿಸುವಾಗ ಕರಕರ ಅಂದರೆ ಅದು ಧೂಳು, ರಿಪೇರಿಗೆ ಬರುತ್ತದೆ, ಬೆಲೆ ಇಳಿಸಲು ನೆಪವೂ ಆಗುತ್ತದೆ. ಕರೆಂಟ್ ಹಾಕಿ ತೋರಿಸದ ಅಂಗಡಿಯಲ್ಲಿ ಕೊಳ್ಳಬೇಡಿ.

ಸ್ವಲ್ಪ ಕೈಬಿಚ್ಚಿ ಖರ್ಚು ಮಾಡಬಲ್ಲವರು, ಥಾಣೆಯಲ್ಲೋ ಪುಣೆಯಲ್ಲೋ ಎರಡು ಕೋಣೆ, ಹಾಲ್ ಇರುವವರು ಎಡಿಫೈಯರಿಗೆ ಹೋಗಲಿ. ಮುಂದೆ ಐಪಾಡ್ ಹೋದರೂ ಟಿವಿಗೆ ಆಗುತ್ತದೆ. ಟಚ್ ಅಥವಾ ಏಳನೇ ನ್ಯಾನೋ ಇರುವವರಿಗೆ, ಅಡುಗೆಮನೆಯಿಂದ ಬಾಲ್ಕನಿಗೆ ಸ್ಪೀಕರ್ ಹೊತ್ತು ತಿರುಗುವವರಿಗೆ ಬ್ಲೂಟೂತ್ ಸ್ಪೀಕರೇ ಸರಿ. ವಾಸ್ಕೋ, ಮಡಗಾಂವ್ ಕಡೆ ಇರುವವರಿಗೂ ನಾನು ಅದನ್ನೇ ಹೇಳುವುದು. ಸಮುದ್ರಕ್ಕೆ ಅಷ್ಟು ಹತ್ತಿರ ತೆರೆದ ಪಿನ್ನಿನ ಡಾಕ್ ಇಟ್ಟರೆ ಪಿನ್ ಒರೆಸುವುದೇ ಕೆಲಸವಾಗುತ್ತದೆ.

ಯಾವುದನ್ನು ತರುವ ಮೊದಲೂ ಐಪಾಡಿನ ಬೆನ್ನನ್ನು ಒಂದು ಸಮತಟ್ಟಾದ ಮೇಜಿನ ಮೇಲೆ ಇಟ್ಟು ನೋಡಿ. ಬೆನ್ನು ಉಬ್ಬಿದ್ದರೆ, ಪರದೆ ಮೇಲೆದ್ದಿದ್ದರೆ, ಒಳಗಿನ ಬ್ಯಾಟರಿ ಊದಿದೆ. ಅದನ್ನು ಡಾಕಿನಲ್ಲಿ ಇಟ್ಟು ಚಾರ್ಜ್ ಮಾಡಬೇಡಿ. ಮೊದಲ ತಲೆಮಾರಿನ ನ್ಯಾನೋಗಳ ಬ್ಯಾಟರಿ ಬಿಸಿಯಾಗುತ್ತದೆ ಅಂತ 2011ರಲ್ಲಿ ಆಪಲ್ಲೇ ಅವನ್ನು ವಾಪಸ್ ಕರೆದಿತ್ತು. ಕ್ಲಾಸಿಕ್‌ಗೆ ಬ್ಯಾಟರಿ ಬದಲಾಯಿಸುವ ರಿಪೇರಿಯವರು ಲ್ಯಾಮಿಂಗ್ಟನ್ ರೋಡಿನ ಕಡೆ ಸಿಗುತ್ತಾರೆ. ಆ ಖರ್ಚನ್ನು ಬಜೆಟ್ಟಿನಲ್ಲಿ ಮೊದಲು ಕಳೆದು, ಉಳಿದದ್ದರಲ್ಲಿ ಸ್ಪೀಕರ್ ನೋಡಿ.